ದೊಡ್ಡುವಿನ ಕತ್ತು

ಅಷ್ಟೊಂದು ಗುಂಡುಸೂಜಿ ತುಟಿಯ ನಡುವೆ, ಒಂದೂ ಬೀಳುವುದಿಲ್ಲವಲ್ಲ, ಸೀನು ಬಂದರೆ ಏನು ಮಾಡುತ್ತಾಳೋ ಅತ್ತೆ, ಇಷ್ಟು ವರ್ಷದಲ್ಲಿ ಒಂದಾದರೂ ನುಂಗಿದ್ದಾಳಾ, ಕೇಳಬೇಕು, ಆದರೆ ಬಾಯಲ್ಲಿ ಸೂಜಿ ಇರುವವರನ್ನು ಏನು ಕೇಳಿದರೂ ಉತ್ತರ ಹ್ಞೂಂ ಒಂದೇ — ಅದಕ್ಕೇ ಇರಬೇಕು ಈ ಟೈಲರ್ ಅಂಗಡಿಯಲ್ಲಿ ಯಾರೂ ಜಗಳ ಆಡುವುದಿಲ್ಲ — ಅತ್ತೆಯ ಮಷೀನಿನ ಪಕ್ಕ ಬಟ್ಟೆಚೂರುಗಳ ರಾಶಿಯ ಮೇಲೆ ಕಾಲು ಚಾಚಿ ಕೂತಿದ್ದ ಅವಳು ಫೋನು ನೋಡಿದಳು, ಅಕ್ಕನ ಮೆಸೇಜು ಅಲ್ಲೇ ಇತ್ತು, ಸಂಜೆ ಪಾಪುನ ಆಸ್ಪತ್ರೆಯಿಂದ ಕರ್ಕೊಂಡ್ ಬರ್ತೀವಿ ಕಣೇ, ಅಷ್ಟರಲ್ಲಿ ಹೇಳು, ನಿನ್ನ ಹೆಸರು ಕೊಡ್ತೀಯೋ ಇಲ್ವೋ, ಅದರ ಕೆಳಗೆ ಮುಷ್ಟಿ ಕಟ್ಟಿ ಮಲಗಿದ ಕೆಂಪು ಮಗುವಿನ ಫೋಟೋ, ಕೊಡದಿದ್ದರೆ ಗುದ್ದುತ್ತೇನೆ ಅನ್ನುವ ಹಾಗೆ. ನಿನ್ನ ಹೆಸರು ಅನ್ನುವುದೂ ಪೂರ್ತಿ ನಿಜವಲ್ಲ, ಮುತ್ತಜ್ಜಿಯದು ಅದು, ಮುತ್ತಜ್ಜಿಯಿಂದ ಅತ್ತೆಗೆ, ಅತ್ತೆಯಿಂದ ತನಗೆ, ಅಕ್ಕನ ಫ್ರಾಕು ತಂಗಿಗೆ ಇಳಿದ ಹಾಗೆ ಇಳಿದು ಬಂದದ್ದು, ಈ ಮನೇಲಿ ಹೆಸರಿಗೇನು ಬರಗಾಲಾನಾ ಅಂತ ಮದುವೆಯ ಹೊಸತರಲ್ಲಿ ಭಾವ ಕೇಳಿದ್ದನಂತೆ, ಅದಕ್ಕೆ ಅಜ್ಜಿ, ಚೆನ್ನಾಗಿರೋದನ್ನ ಯಾಕಪ್ಪಾ ಎಸೀಬೇಕು — ಸರಿ, ಆದರೆ ಅಜ್ಜಿಯದೇ ಇನ್ನೊಂದು ಕಾನೂನಿದೆಯಲ್ಲ, ಒಂದು ಮನೇಲಿ ಒಂದು ಹೆಸರಿಗೆ ಒಬ್ಬರೇ ಓಗೊಡಬೇಕು, ಇಲ್ಲಾಂದ್ರೆ ಅವಳು ಹೋಗ್ತಾಳೆ ಅಂತ ಇವಳು, ಇವಳು ಹೋಗ್ತಾಳೆ ಅಂತ ಅವಳು, ಕೂಗಿದೋರ ಗಂಟಲು ಒಣಗತ್ತೆ, ಚಿಕ್ಕದು ಬಂತು ಅಂದ್ರೆ ದೊಡ್ಡದು ಬಿಟ್ಟುಕೊಡಬೇಕು. ಹಾಗೆ ತಾನು ಹುಟ್ಟಿದಾಗ ಅತ್ತೆ ಬಿಟ್ಟುಕೊಟ್ಟಳು, ದೊಡ್ಡು ಆದಳು, ಅಜ್ಜಿಗೆ ದೊಡ್ಡು, ಅವಳಿಗಿಂತ ದೊಡ್ಡವನಾದ ಅಪ್ಪನಿಗೂ ದೊಡ್ಡು, ಗಿರಾಕಿಗಳ ಬಾಯಲ್ಲಿ ದೊಡ್ಡು ಟೈಲರು, ಮತ್ತು ಇವತ್ತು ಆ ಮುಷ್ಟಿಯವಳು ಹೊಸಿಲು ದಾಟಿದರೆ ತಾನು ಏನಾಗಬೇಕು, ನಡುವಿನೋಳು ಅಂತಾಳೆ ಅಮ್ಮ, ನಂಬರ್ ಟೂ ಅಂತಾನೆ ಭಾವ, ಥೂ, ಬಸ್ಸಿನ ಬೋರ್ಡಿನ ಹಾಗೆ.

ಹೋದರೆ ಹೋಗಲಿ, ಹೆಸರೇನು ಹಲ್ಲಾ, ಕಿತ್ತರೆ ನೋಯುವುದಕ್ಕೆ — ನೋಯುತ್ತದಾ? ಅದೇ ಗೊತ್ತಾಗಬೇಕಾದದ್ದು, ಮನೆಯಲ್ಲಿ ಅದು ಗೊತ್ತಿರುವವಳು ಒಬ್ಬಳೇ, ಅವಳ ಬಾಯಲ್ಲಿ ಸೂಜಿ. ಅತ್ತೇ, ಹೆಸರು ಬಿಟ್ಟುಕೊಟ್ಟಾಗ ನಿಂಗೆ ಹೇಗನ್ನಿಸ್ತು? ಹ್ಞೂಂ. ಹ್ಞೂಂ ಅಂದ್ರೆ? ಅತ್ತೆ ಒಂದೊಂದೇ ಸೂಜಿ ತೆಗೆದು ಪುಟ್ಟ ಅಂಗಿಯ ಅಂಚಿಗೆ ಚುಚ್ಚಿದಳು, ಬಾಯಿ ಖಾಲಿಯಾಯಿತು, ಹೇಗನ್ನಿಸೋದು ಏನೇ, ನಿನ್ನನ್ನ ನನ್ನ ಕೈಲಿಟ್ರು, ನೀನು ಮೈತುಂಬಾ ಉಚ್ಚೆ ಹೊಯ್ದೆ, ಆ ಗಡಿಬಿಡೀಲಿ ಹೆಸರು ಯಾರಿಗೆ ನೆನಪಿರತ್ತೆ, ಏಳು ಮೇಲೆ, ಆ ಚೂರಿನ ಮೇಲೇ ಕೂತಿದೀಯ, ಪಾಪು ತೋಳಿಗೆ ಬೇಕು ಅದು — ಮತ್ತೆ ಡಬ್ಬಿಯಿಂದ ಸೂಜಿ ಬಾಯಿಗೆ, ಮಾತು ಬಂದ್. ಆರಾಮಾಗಿದ್ದಾಳಪ್ಪ, ಹಾಗಾದರೆ ನೋಯುವುದಿಲ್ಲ, ಅಂದರೆ ಕೊಡ್ತೀನಿ ಅಂತ ಟೈಪ್ ಮಾಡಿದರಾಯಿತು, ಕೊ ಬರೆದಳು, ಅಷ್ಟರಲ್ಲಿ ರಸ್ತೆಯಾಚೆಯಿಂದ ಗೆಳತಿ ಕೂಗಿದಳು, ಆ ಹೆಸರು, ಪೂರ್ತಿ, ರಾಗ ಎಳೆದು, ಕ್ಲಾಸಿಗೆ ಬರ್ತೀಯೇನೇ, ಮತ್ತು ಅತ್ತೆಯ ಕತ್ತು ತಿರುಗಿತು.

ಒಂಚೂರು. ಕಿವಿಯ ಹಿಂದಿನ ನರ ಎದ್ದು ಕಾಣುವಷ್ಟು, ಆಮೇಲೆ ವಾಪಸ್ಸು ಬಟ್ಟೆಗೆ, ಏನೂ ಆಗದ ಹಾಗೆ ಪೆಡಲು ತುಳಿದಳು, ಮಷೀನು ಗಡಗಡ ಅಂತು, ಆದರೆ ತಿರುಗಿತ್ತು, ಅವಳು ನೋಡಿದಳಲ್ಲ — ನೀನು ಹೋಗೇ, ನಾನು ಆಮೇಲೆ ಬರ್ತೀನಿ ಅಂತ ಬಾಗಿಲಿಗೆ ಕೂಗಿ ಮತ್ತೆ ನೋಡಿದಳು — ಅಥವಾ ಯಾವಾಗಲೂ ನೋಡಿದ್ದಳಾ, ಅಮ್ಮ ಮಹಡಿ ಮೆಟ್ಟಿಲಿಂದ ಬೈಯುವಾಗ, ಏ, ಅಂತ ಶುರುಮಾಡಿ ಹೆಸರಿಗೆ ಬರುವಾಗ, ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ಆ ಕತ್ತು, ಬಹುಮಾನಕ್ಕೆ ಮೇಷ್ಟ್ರು ಮೈಕಿನಲ್ಲಿ ಕರೆದಾಗ ತಾನು ವೇದಿಕೆಗೆ ಓಡಿ ಕೆಳಗೆ ನೋಡಿದರೆ ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದ ಅತ್ತೆ, ಎಷ್ಟು ಖುಷಿ ನೋಡು ಅವಳಿಗೆ ಅಂದುಕೊಂಡಿದ್ದಳು, ಖುಷಿಯೇ ಇರಬಹುದು, ಆದರೆ ಮೊದಲು ಕತ್ತು, ಇಷ್ಟೂ ವರ್ಷ, ಕೂಗಿದಾಗಲೆಲ್ಲ, ಅವಳಿಗಲ್ಲದ ಕೂಗಿಗೆ — ಕೊ ಅಳಿಸಿ ಅಕ್ಕನಿಗೆ ಫೋನೇ ಮಾಡಿದಳು, ಪಾಪುಗೆ ಇಡು ಕಣೇ, ಆದ್ರೆ ನಾನೂ ಬಿಡಲ್ಲ, ಅತ್ತೆಗೂ ಅದೇ ಹೆಸರು ಇವತ್ತಿಂದ, ಏನೇ ಹುಚ್ಚು ನಿಂದು, ಅಂದಳು ಅಕ್ಕ, ಕರೆದ್ರೆ ಮೂರೂ ಜನ ಓ ಅಂತೀರಲ್ಲೇ, ಅಂದ್ರೆ ಅಂತೀವಿ ಬಿಡು, ಮೂರೂ ಜನ ಬರ್ತೀವಿ, ಕೆಲಸ ಬೇಗ ಆಗತ್ತೆ, ಅಜ್ಜಿಗೆ ನೀನೇ ಹೇಳ್ಕೋ ಹೋಗು, ಹೇಳ್ತೀನಿ — ಮಷೀನು ಯಾವಾಗ ನಿಂತಿತೋ.

ಹೇಗೆ ಕರೆಯುವುದು, ತನ್ನ ಹೆಸರನ್ನು ತಾನೇ ಕೂಗಿದವರುಂಟಾ, ನಾಲಿಗೆಗೇ ನಾಚಿಕೆ, ಕನ್ನಡಿಗೆ ಕೈ ಬೀಸಿದ ಹಾಗೆ, ಆದರೂ ಆ ಹೆಸರನ್ನು ಹೇಳಿ, ಅದರ ಹಿಂದೆ ಅತ್ತೆ ಅಂತ ಸೇರಿಸಿ, ಮೆಲ್ಲಗೆ, ಕರೆದಳು. ಕತ್ತು ತಿರುಗಿತು. ನರ, ಕಿವಿ, ಇನ್ನೇನು ವಾಪಸ್ಸು ಹೋಗುತ್ತದೆ, ಹೋಗಲಿಲ್ಲ, ಕೆನ್ನೆ, ಮೂಗು, ಮುಖ ಪೂರ್ತಿ ಇತ್ತ, ತುಟಿಯ ನಡುವೆ ಸಾಲಾಗಿ ಸೂಜಿಗಳು, ಓ ಅನ್ನಬೇಕಾದರೆ ಬಾಯಿ ತೆರೆಯಬೇಕು, ತೆರೆದರೆ ಬೀಳುತ್ತವೆ, ಅಷ್ಟೂ — ಆ ಕತ್ತು, ಆ ಸೂಜಿಗಳು, ಅಲ್ಲಾಡುತ್ತಿರುವ ಸೂಜಿಗಳು —