ರನ್‌ವೇ ತುದಿಯ ಬಾವುಟ

ಕೆಂಪು ಬಾವುಟ ಮೇಲಿದ್ದಾಗಲೇ ವಿಮಾನ ಓಡಿಸಿದರು. ಬಾವುಟ ಹಿಡಿದಿದ್ದ ಹೆಂಗಸು ಸತ್ತಳು.

ಅದು ಖಾಸಗಿ ಮೈದಾನ. ರನ್‌ವೇ ಒಂದೇ, ವಿಮಾನವೂ ಒಂದೇ, ಎರಡಕ್ಕೂ ಯಜಮಾನ ಒಬ್ಬನೇ. ರನ್‌ವೇ ತುದಿಯ ದೀಪಗಳ ಸುತ್ತ ಯಂತ್ರ ಆಡುವುದಿಲ್ಲವಾದ್ದರಿಂದ ಅಲ್ಲಿನ ಹುಲ್ಲನ್ನು ಹೆಂಗಸರು ಕುಡುಗೋಲಿನಲ್ಲೇ ಕೊಯ್ಯಬೇಕು. ವಿಮಾನದ ಮೂತಿಯ ಫ್ಯಾನು ತಿರುಗಿದರೆ ಧೂಳು ಕಣ್ಣಿಗೆ ನುಗ್ಗುತ್ತದೆ. ಅದಕ್ಕೇ ಎಲ್ಲರೂ ರನ್‌ವೇಗೆ ಬೆನ್ನು ಹಾಕಿ ಕೂರುತ್ತಿದ್ದರು. ಅವರ ಹಿಂದೆ, ವಿಮಾನಕ್ಕೆ ಮುಖ ಮಾಡಿ, ಅತ್ತಿಗೆ ಬಾವುಟ ಎತ್ತಿ ನಿಲ್ಲುತ್ತಿದ್ದಳು. ಬಾವುಟ ಮೇಲಿರುವ ತನಕ ವಿಮಾನ ಕದಲುವ ಹಾಗಿಲ್ಲ. ಕೆಲಸ ಮುಗಿಸಿ ಹೊರಬರುವ ಒಬ್ಬೊಬ್ಬರ ತಲೆಯನ್ನೂ ಅವಳು ಮುಟ್ಟುತ್ತಿದ್ದಳು. ಕೊನೆಯ ತಲೆ ಕೈಗೆ ಸಿಕ್ಕ ಮೇಲೆಯೇ ಬಾವುಟ ಕೆಳಗೆ.

"ಏನತ್ತಿಗೆ, ನಾವೇನು ಕೋಳಿಮರಿಗಳಾ?" ಎಂದು ಹುಲ್ಲು ಕೊಯ್ಯುವವರಲ್ಲೊಬ್ಬಳಾದ ಅವಳ ನಾದಿನಿ ರೇಗಿಸುತ್ತಿದ್ದಳು.

"ಕೋಳಿಮರಿ ಕರೆದ್ರೆ ಬರುತ್ತೆ ಕಣೇ. ನೀನು ಬರ್ತೀಯಾ?" ಎಂದು ಅತ್ತಿಗೆ ಅವಳ ನೆತ್ತಿಗೆ ಮೊಟಕುತ್ತಿದ್ದಳು. "ಆ ಯಜಮಾನನ್ನ ನಿಲ್ಲಿಸೋ ತಾಕತ್ತಿರೋದು ನನಗೊಬ್ಬಳಿಗೇ. ಕಟ್ಕೊಂಡ ಹೆಂಡ್ತಿಗೂ ಇಲ್ವಂತೆ."

ಅವತ್ತು ಯಜಮಾನ ಯಾವುದೋ ಉದ್ಘಾಟನೆಗೆ ಹೊರಟಿದ್ದ. ತಡವಾಗಿತ್ತು. ವಿಮಾನದ ಬಾಗಿಲನ್ನು ತಾನೇ ದಡಾರನೆ ಎಳೆದುಕೊಂಡ. ಪೈಲಟ್ ದೂರದ ಬಾವುಟ ತೋರಿಸಿ, ಕಾಯೋಣ ಸಾರ್ ಅಂದ.

"ಅಲ್ಲಿಗೆ ಹೋಗೋಷ್ಟರಲ್ಲಿ ಮೇಲೆದ್ದಿರ್ತೀವಲ್ಲಯ್ಯ. ತಲೆ ಮೇಲೆ ಹಾರಿ ಹೋದ್ರೆ ಅವರದ್ದೇನು ಸವೆಯುತ್ತಾ? ನಡಿ."

ಪೈಲಟ್ ನಡೆಸಿದ. ವೇಗ ಏರುತ್ತಿದ್ದಾಗ ಸರಿಯಾಗಿ ಕೂತಿರದ ಬಾಗಿಲು ಗಾಳಿಯ ಹೊಡೆತಕ್ಕೆ ತೆರೆದುಕೊಂಡಿತು. ಯಜಮಾನ ಅರಚಿದ. ಪೈಲಟ್ ಹಾರುವುದನ್ನು ಕೈಬಿಟ್ಟು ಬ್ರೇಕ್ ಒತ್ತಿದ. ನಿಲ್ಲಲು ರನ್‌ವೇ ಸಾಲಲಿಲ್ಲ.

ಎಂಜಿನ್ನಿನ ಸದ್ದಿಗೆ ಹೆಂಗಸರಲ್ಲಿ ಒಬ್ಬಳೂ ತಿರುಗಿ ನೋಡಿರಲಿಲ್ಲ. ಬಾವುಟ ಇದೆಯಲ್ಲ, ಯಾಕೆ ನೋಡಬೇಕು? ಅತ್ತಿಗೆ ಕಿರುಚಿದ ಮೇಲೆಯೇ ಅವರು ಎದ್ದು ದಿಕ್ಕಾಪಾಲಾದದ್ದು. ಪಕ್ಕಕ್ಕೆ ನೆಗೆದಿದ್ದರೆ ಅವಳೂ ಉಳಿಯುತ್ತಿದ್ದಳು. ನಿಲ್ಲಿಸುವುದು ತನ್ನ ಕೆಲಸವೆಂದು ಎರಡೂ ಕೈಯಲ್ಲಿ ಬಾವುಟ ಬೀಸುತ್ತ ಅಲ್ಲೇ ನಿಂತಳು. ರೆಕ್ಕೆ ಬಡಿಯಿತು. ವಿಮಾನ ಮುಂದಿನ ಚರಂಡಿಯಲ್ಲಿ ಮೂತಿ ಊರಿ ನಿಂತಿತು. ಪೈಲಟ್‌ನ ತೋಳು ಮುರಿಯಿತು. ಯಜಮಾನನ ಹಣೆ ತರಚಿತು. ಪತ್ರಿಕೆಗಳಲ್ಲಿ ಬಂದದ್ದು ಆ ಹಣೆಯೇ.

ತನಿಖೆಯ ಹಿಂದಿನ ದಿನ ಮೈದಾನದ ಮ್ಯಾನೇಜರ್, ವಿಮಾನದ ಶೆಡ್ಡಿನ ಹಿಂದೆ ಯಜಮಾನ ಕೊಟ್ಟಿದ್ದ ನಾದಿನಿಯ ಒಂದೇ ಕೋಣೆಯ ಮನೆಗೆ ಬಂದ. ಕುರ್ಚಿಯಿರಲಿಲ್ಲ, ನಿಂತೇ ಮಾತಾಡಿದ. ಅತ್ತಿಗೆಯ ಸೀರೆ ಇನ್ನೂ ಹಗ್ಗದ ಮೇಲಿತ್ತು. ಅದು ಮುಖಕ್ಕೆ ತಾಕದಂತೆ ಒಂದು ಬೆರಳಿನಲ್ಲಿ ಸರಿಸಿದ.

"ನಿಮ್ಮತ್ತಿಗೆ ಹತ್ತಿರ ಇದ್ದೋಳು ನೀನು. ಬಿಸಿಲಿಗೆ ಕೈ ಸೋತು ಬಾವುಟ ಇಳಿಸಿದ್ಲು, ವಿಮಾನ ಬಂದ ಮೇಲೆ ಗಾಬರೀಲಿ ಎತ್ತಿದ್ಲು ಅನ್ನು. ಅಷ್ಟೇ."

"ಇಳಿಸಿರಲಿಲ್ಲ ಸಾರ್."

"ಬೆನ್ನು ಹಾಕಿ ಕೂತಿದ್ದೋಳು ನೀನೇನು ಕಂಡೆ?"

ಅವನು ಸರಿಸಿದ್ದ ಸೀರೆಯನ್ನು ನಾದಿನಿ ಹಗ್ಗದ ಮೇಲೆ ಮತ್ತೆ ಸರಿಮಾಡಿದಳು.

"ಹೋದೋಳಿಗೆ ಇನ್ನೇನು ಹೋಗಬೇಕಮ್ಮ? ನಿಮ್ಮಣ್ಣನ ಶೆಡ್ಡಿನ ಕೆಲಸ ಉಳೀಲಿ. ಈ ಸೂರು ಉಳೀಲಿ."

ಅವನು ಹೋದ ಮೇಲೆ ಮೂಲೆಯಲ್ಲಿದ್ದ ಅಣ್ಣ ಗೋಡೆ ನೋಡುತ್ತಲೇ, "ಅಂದ್ಬಿಡಮ್ಮ. ಅವಳೇನು ಎದ್ದು ಬಂದು ಬೈತಾಳಾ?" ಎಂದ.

"ನಿನ್ನ ಹೆಂಡ್ತಿ ಕಣಣ್ಣ ಅವಳು."

"ಅದಕ್ಕೇ ಹೇಳ್ತಿರೋದು. ನಾನು ಬೀದೀಲಿ ಮಲಗೋದು ಅವಳಿಗೂ ಇಷ್ಟ ಆಗ್ತಿರಲಿಲ್ಲ." ಹೇಳಿ ಮುಖ ಮುಚ್ಚಿಕೊಂಡ.

ಮಾರನೆಯ ದಿನ ಎಲ್ಲರನ್ನೂ ರನ್‌ವೇ ತುದಿಗೆ ಕರೆದರು. ಹುಲ್ಲಿನಲ್ಲಿ ಚಕ್ರ ಸೀಳಿದ ಗುರುತು ಹಾಗೇ ಇತ್ತು. ಪೈಲಟ್ ತೋಳಿಗೆ ಪಟ್ಟಿ ಕಟ್ಟಿಕೊಂಡು ನೆಲ ನೋಡುತ್ತಿದ್ದ. ಮ್ಯಾನೇಜರ್ ನಾದಿನಿಯ ಕೈಗೆ ಬಾವುಟ ಕೊಟ್ಟ. ಹೊಚ್ಚಹೊಸದು. ಹಳೆಯದು ಎಲ್ಲಿಯೂ ಸಿಗಲಿಲ್ಲವಂತೆ.

"ವಿಮಾನ ಹೊರಟಾಗ ಇದು ಹೇಗಿತ್ತು, ತೋರ್ಸಮ್ಮ," ಎಂದ ತನಿಖೆಯ ಅಧಿಕಾರಿ.

ಅವಳು ಬಾವುಟ ಎತ್ತಿದಳು.

"ಹಾಗಲ್ಲಮ್ಮ," ಮ್ಯಾನೇಜರ್ ನಕ್ಕ. "ಗಾಬರಿ ಆಗಿದೆ ಪಾಪ. ಇಳಿಸು."

ಅವಳು ಇಳಿಸಲಿಲ್ಲ.

"ನೀನು ಬೆನ್ನು ಹಾಕಿ ಕೂತಿದ್ದೆಯಂತಲ್ಲ. ಮೇಲಿತ್ತು ಅಂತ ಹೇಗೆ ಗೊತ್ತು?" ಎಂದ ಅಧಿಕಾರಿ.

"ಇಳಿಸೋ ಮುಂಚೆ ಅತ್ತಿಗೆ ನಮ್ಮ ತಲೆ ಮುಟ್ತಿದ್ಲು ಸಾರ್. ಒಂದು ದಿನಾನೂ ತಪ್ಪಿಸಿದೋಳಲ್ಲ. ಅವತ್ತು ನನ್ನ ತಲೆ ಮುಟ್ಟಿಲ್ಲ." ಅವಳು ಹೆಂಗಸರ ಕಡೆ ತಿರುಗಿದಳು. "ನಿಮ್ದು ಯಾರದಾದ್ರೂ ಮುಟ್ಟಿದ್ಲಾ? ಹೇಳ್ರೇ."

ಎಲ್ಲರೂ ಮ್ಯಾನೇಜರ್ ಮುಖ ನೋಡಿದರು. ಒಬ್ಬಳು ಮಾತ್ರ ಸೆರಗು ಸರಿಸಿ, ತನ್ನ ನೆತ್ತಿಯ ಮೇಲೆ ತಾನೇ ಕೈಯಿಟ್ಟುಕೊಂಡು, ಇಲ್ಲವೆಂದು ತಲೆಯಾಡಿಸಿದಳು.

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಅಣ್ಣ ಬೇಡ ಬೇಡವೆಂದು ಕೈಸನ್ನೆ ಮಾಡುತ್ತಿದ್ದ. ಅವಳಿಗೆ ಕಂಡಿತು.

ಮ್ಯಾನೇಜರ್ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ: "ಮನೆ ನೆನಪಿದೆ ತಾನೇ? ಇಳಿಸು."

"ಇದೆ," ಅಂದಳು. ಇನ್ನೊಂದು ಕೈಯನ್ನೂ ಕೋಲಿಗೆ ಕೊಟ್ಟಳು. "ಇಳಿಸಲ್ಲ."