ಒಂದು ಸೀಟಿಗೆ ನಿಲ್ಲಬೇಕು

ನಮ್ಮೂರ ಕ್ಲಬ್ಬಿನವರು ಎಲ್ಲರನ್ನೂ ಒಳಗೆ ಸೇರಿಸಿಕೊಳ್ಳಬೇಕೆಂದು ತೀರ್ಮಾನಿಸಿದಾಗ ಮೊದಲು ಮಾಡಿದ ಕೆಲಸ, ಯಾರು ಯಾರು ಹೊರಗಿದ್ದಾರೆಂದು ಪಟ್ಟಿ ಬರೆದದ್ದು. ಪಟ್ಟಿಯಲ್ಲಿ ಏಳನೆಯ ಹೆಸರು ನಮ್ಮಪ್ಪನದು. ರುದ್ರಪ್ಪ, ಗದಗ, ವಯಸ್ಸು ಅರವತ್ತಮೂರು, ಇತರ ಭಾಷಿಕ.

ಊರು ಎಂದರೆ ಕೊಚ್ಚಿಯ ವೈಟ್ಟಿಲದಿಂದ ಬಸ್ಸಿನಲ್ಲಿ ಒಂದು ಗಂಟೆ. ಮೂರು ಕಡೆ ಹಿನ್ನೀರು, ನಾಲ್ಕನೆಯ ಕಡೆ ಸುಗುಣನ್ ಚೇಟ್ಟ. ಊರಿಗೆಲ್ಲ ಚೇಟ್ಟ, ಅಂದರೆ ಅಣ್ಣ, ಕ್ಲಬ್ಬಿನ ಕಾರ್ಯದರ್ಶಿಯೂ ಆದ ಇವರನ್ನು ದಾಟದೆ ಊರೊಳಗೆ ಯಾರೂ ಬರಲಾಗದು, ಭಾಷಣ ಕೇಳದೆ ಹೊರಗೆ ಹೋಗಲಾಗದು. ನಾನು ಐಟಿ ಪಾರ್ಕಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವವಳು. ಬಾಡಿಗೆ ಕಡಿಮೆಯೆಂದು ಇಲ್ಲಿ ಮನೆ ಮಾಡಿದ್ದೆ. ಅವ್ವ ತೀರಿಕೊಂಡ ಮೇಲೆ ಅಪ್ಪ ಗದಗಿನ ಮನೆಯನ್ನು ಬಾಡಿಗೆಗೆ ಕೊಟ್ಟು, ಒಂದು ಟ್ರಂಕು ಹಿಡಿದು ನನ್ನ ಹತ್ತಿರ ಬಂದುಬಿಟ್ಟ.

ಅಪ್ಪ ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದವನು. ದಿನಕ್ಕೆ ಐನೂರು ಜನರ ಜೊತೆ ಮಾತಾಡಿ, ಅದರಲ್ಲಿ ಇನ್ನೂರು ಜನರ ಜೊತೆ ಜಗಳವಾಡಿ ಬದುಕಿದ ಮನುಷ್ಯ. ಇಲ್ಲಿ ಅವನಿಗೆ ಬೈಯಲು ಕೂಡ ಯಾರೂ ಇರಲಿಲ್ಲ. ಮಲಯಾಳಂ ಬರುತ್ತಿರಲಿಲ್ಲ. ಆದರೆ ಕೇರಂ ಬರುತ್ತಿತ್ತು. ಮೂರು ವರ್ಷ ಸತತವಾಗಿ ಡಿಪೋ ಚಾಂಪಿಯನ್. ಕ್ಲಬ್ಬಿನ ಕೋಣೆಯಲ್ಲಿ ಕೇರಂ ಬೋರ್ಡು ಕಂಡ ದಿನ ಅಪ್ಪನ ಮುಖ ನೋಡಬೇಕಿತ್ತು.

ಬೋರ್ಡು ಮುಟ್ಟಲು ಸದಸ್ಯತ್ವ ಬೇಕು. ಸದಸ್ಯತ್ವಕ್ಕೆ ಊರಿನಲ್ಲಿ ಹತ್ತು ವರ್ಷ ವಾಸ ಮಾಡಿರಬೇಕು. ಹಾಗಾಗಿ ಅಪ್ಪ ಎಂಟು ತಿಂಗಳು, ಪ್ರತಿ ಸಂಜೆ, ಬೋರ್ಡಿನ ಪಕ್ಕದ ಬೆಂಚಿನ ಮೇಲೆ ಕೂತು ಬೇರೆಯವರು ಕೆಟ್ಟದಾಗಿ ಆಡುವುದನ್ನು ನೋಡಿದ.

"ನಾಕ ಇಂಚಿನಿಂದ ಕಾಯಿ ಹಾಕಾಕ ಬರೂದಿಲ್ಲ ಇವ್ರಿಗೆ," ಎಂದು ಮನೆಗೆ ಬಂದು ಗೊಣಗುತ್ತಿದ್ದ. "ನೋಡಿ ನೋಡಿ ನನ್ನ ಬಿ.ಪಿ. ಏರಾಕತ್ತೇತಿ."

"ಮತ್ಯಾಕ ಹೋಗ್ತೀಯಪ್ಪಾ?"

"ಮನ್ಯಾಗ ಕುಂತು ಗ್ವಾಡಿ ನೋಡ್ಲೇನು?"

ಒಂದು ತುಂಡು ಪ್ಲೈವುಡ್ಡು, ನಾಲ್ಕು ತೂತು, ಅಷ್ಟಕ್ಕೆ ಹತ್ತು ವರ್ಷ!

ಅಷ್ಟರಲ್ಲಿ ತಿರುವನಂತಪುರದ ಒಂದು ಸಂಸ್ಥೆಯಿಂದ ಪತ್ರ ಬಂತು. ಹಳ್ಳಿಯ ಕಲಾಸಂಘಗಳು ತಮ್ಮ ಊರಿನ ಶಬ್ದಗಳನ್ನೇ ಹಿಡಿದು, ಪೋಣಿಸಿ, ಒಂದು ಶಬ್ದಕಲಾಕೃತಿ ಮಾಡಬೇಕು. ಊರಿನಲ್ಲಿ ಯಾರ ದನಿ ಯಾರಿಗೂ ಕೇಳಿಸುವುದಿಲ್ಲವೋ ಅವರ ದನಿ ಅದರಲ್ಲಿ ಇರಬೇಕು. ತಿರುವನಂತಪುರದ ಪಟ್ಟಂ ಬಡಾವಣೆಯ ಒಂದು ಸಭಾಂಗಣದಲ್ಲಿ ಪ್ರದರ್ಶನ, ತಂಡಕ್ಕೆ ಹದಿನೈದು ನಿಮಿಷ. ಸುಗುಣನ್ ಚೇಟ್ಟ ಇದನ್ನು ಮೊದಲ ಒಂದು ವಾರ ಮಿಮಿಕ್ರಿ ಸ್ಪರ್ಧೆಯೆಂದೇ ತಿಳಿದಿದ್ದರು. ಅರ್ಥವಾದ ಮೇಲೆ ಪಟ್ಟಿ ಬರೆದರು.

ಸಿಗಡಿ ಸುಲಿಯುವ ಶೆಡ್ಡಿನಲ್ಲಿ ದುಡಿಯುವ ಅಸ್ಸಾಮಿನ ಐದು ಜನ. ಮೀನು ಮಾರುವ ಲೀಲಾಮಣಿ ಚೇಚಿ, ಊರಿಗೆಲ್ಲ ಅಕ್ಕ. ಹುಟ್ಟಿದ್ದು, ಬೆಳೆದದ್ದು, ಐವತ್ತು ವರ್ಷ ಕೂಗಿದ್ದು ಎಲ್ಲಾ ಈ ಊರಲ್ಲೇ, ಆದರೆ ಕ್ಲಬ್ಬಿನಲ್ಲಿ ಹೆಂಗಸರನ್ನು ಸೇರಿಸಿಕೊಂಡದ್ದೇ ಇಲ್ಲ. ಕೊನೆಗೆ ನಮ್ಮಪ್ಪ. ನನ್ನ ಹೆಸರು ಹೊರಗಿನವರ ಪಟ್ಟಿಯಲ್ಲೂ ಇರಲಿಲ್ಲ. ನನ್ನ ಹತ್ತಿರ ಲ್ಯಾಪ್‌ಟಾಪ್ ಇದ್ದುದರಿಂದ ನನ್ನನ್ನು ಕೆಲಸಕ್ಕೆ ಹಚ್ಚಿದರು. ಐಟಿ ಪಾರ್ಕಿನವಳಿಗೆ ಶಬ್ದ ಕತ್ತರಿಸಿ ಅಂಟಿಸಲು ಬಂದೇ ಬರುತ್ತದೆಂದು ಸಮಿತಿಗೆ ಸಂಶಯವೇ ಇರಲಿಲ್ಲ.

ಶಬ್ದ ಹಿಡಿಯಲು ಶುರುಮಾಡಿದ್ದು ಅಧ್ಯಕ್ಷರ ಮನೆಯ ಕಾಲಿಂಗ್ ಬೆಲ್ಲಿನಿಂದ. ಅದು ಕೋಗಿಲೆಯಂತೆ ಕೂಗುತ್ತದೆ, ಅವರ ಮಗಳು ದುಬೈಯಿಂದ ತಂದದ್ದು. ಆಮೇಲೆ ಖಜಾಂಚಿಯ ಹೊಸ ಬೈಕು. ಆಮೇಲೆ ಉಪಾಧ್ಯಕ್ಷರ ಕೆಮ್ಮು. ಅದು ಅವರು ಹಾಡುವ ಮುಂಚೆ ಕೆಮ್ಮಿದ್ದು, ಹಾಡು ಬೇಡವೆಂದು ನಾನೇ ಕತ್ತರಿಸಿದೆ. ಪಟ್ಟಿಯಲ್ಲಿದ್ದ ಏಳು ಜನರ ಸರದಿ ಎಲ್ಲರಿಗಿಂತ ಕೊನೆಗೆ.

ಅಪ್ಪನಿಗೆ ಒಂದು ಕನ್ನಡ ಕವಿತೆ ಓದಲು ಹೇಳಿದರು.

"ಕವಿತಾ ಗಿವಿತಾ ನಂಗ ಗೊತ್ತಿಲ್ಲ. ಸೀಟಿ ಐತಿ," ಎಂದ ಅಪ್ಪ, ಟ್ರಂಕಿನಿಂದ ತನ್ನ ಕಂಡಕ್ಟರ್ ಸೀಟಿ ತೆಗೆದ.

ಹಾಗಾಗಿ ವೈಟ್ಟಿಲದ ಬಸ್ಸಿನಲ್ಲಿ ಹಿಡಿಯುವುದೆಂದಾಯಿತು. ಅದರ ಕಂಡಕ್ಟರ್ ಅಶ್ರಫ್ ಕ್ಲಬ್ಬಿನ ಸಮಿತಿಯಲ್ಲೂ ಇದ್ದವನು, ಕೇರಂನಲ್ಲಿ ಊರಿಗೇ ಮೊದಲಿಗ. ಕೇರಳದ ಕಂಡಕ್ಟರುಗಳು ಸೀಟಿ ಊದುವುದಿಲ್ಲ. ಬಸ್ಸಿನುದ್ದಕ್ಕೂ ಕಟ್ಟಿದ ಹಗ್ಗ ಎಳೆದು ಗಂಟೆ ಬಾರಿಸುತ್ತಾರೆ. ಅಪ್ಪನಿಗೆ ಅದನ್ನು ಕಂಡರೆ ನಗು. "ಬಾವಿ ನೀರು ಸೇದಿದಂಗ ಬಸ್ ಓಡಸ್ತಾರ," ಎನ್ನುತ್ತಿದ್ದ. ಅಂದು ಅಶ್ರಫ್ ಒಂದು ಸಲ ಹಗ್ಗ ಎಳೆದ, ಬಸ್ಸು ನಿಂತಿತು. ಎರಡು ಸಲ ಎಳೆದ, ಹೊರಟಿತು. ಅಪ್ಪ ಸೀಟು ಬಿಟ್ಟು ಎದ್ದ.

"ಏ ಊರ್ಮಿ, ನಮ್ದಽ ಐತಲ್ಲ ಇದು! ಒಂದಕ್ಕ ನಿಲ್ಲು, ಎರಡಕ್ಕ ಹೋಗು!"

ಎಂಟು ತಿಂಗಳಲ್ಲಿ ನಾನು ಅನುವಾದಿಸದೆ ಅವನಿಗೆ ಅರ್ಥವಾದ ಮೊದಲ ಸಂಗತಿ ಅದು. ಅಶ್ರಫ್ ಹಗ್ಗ ಬಿಟ್ಟು, ನೀವೇ ಊದಿ ಎಂದು ಕೈಸನ್ನೆ ಮಾಡಿದ. ಮುಂದಿನ ಸ್ಟಾಪಿನಲ್ಲಿ ಅಪ್ಪನ ಸೀಟಿಗೇ ಬಸ್ಸು ನಿಂತಿತು, ಅಪ್ಪನ ಸೀಟಿಗೇ ಹೊರಟಿತು. ನಾನು ಹಿಡಿದುಕೊಂಡೆ.

ಇಳಿದ ಮೇಲೆ ಅಪ್ಪ ಸುಗುಣನ್ ಚೇಟ್ಟನನ್ನು ನನ್ನ ಮೂಲಕ ಕೇಳಿದ, ತಿರುವನಂತಪುರದಲ್ಲಿ ತನ್ನ ಸೀಟಿ ಕೇಳಿಸಿದರೆ ಕೇರಂ ಆಡಲು ಬಿಡುತ್ತೀರಾ ಎಂದು. "ಪರಿಗಣಿಸೋಣ," ಎಂದರು ಅವರು. ಸರ್ಕಾರಿ ಸಂಬಳ ಉಂಡ ಅಪ್ಪನಿಗೆ ಆ ಮಾತಿನ ಅರ್ಥ ನನಗಿಂತ ಚೆನ್ನಾಗಿ ಗೊತ್ತು. ಆದರೂ ಹೊರಡುವ ಹಿಂದಿನ ದಿನ ಬಿಳಿ ಅಂಗಿಗೆ ಎರಡೆರಡು ಸಲ ಇಸ್ತ್ರಿ ಮಾಡಿದ.

ಕೃತಿ ಹನ್ನೊಂದು ನಿಮಿಷದ್ದಾಯಿತು. ಮೊದಲೇ ಹೇಳಿದ್ದೆ: ಸುಗುಣನ್ ಚೇಟ್ಟ, ಪರಿಚಯದ ಮಾತಿಗೆ ನಿಮಗೆ ನಾಲ್ಕೇ ನಿಮಿಷ, ಅದಕ್ಕಿಂತ ಹೆಚ್ಚಾದರೆ ಕೃತಿಯ ಬಾಲ ತುಂಡಾಗುತ್ತದೆ. ಬಾಲದಲ್ಲಿದ್ದದ್ದು ಆ ಏಳು ಜನ, ತುದಿಯಲ್ಲಿ ಅಪ್ಪನ ಸೀಟಿ.

"ನಾಲ್ಕು ನಿಮಿಷ ಯಾಕೆ? ನಾನು ಹೇಳುವುದು ರಂಡೇ ರಂಡು ವಾಕ್ಕ್," ಎಂದರು. ಎರಡೇ ಎರಡು ಮಾತು.

ಬೆಳಗಿನ ರೈಲಿನಲ್ಲಿ ಎರ್ನಾಕುಲಂನಿಂದ ಹೊರಟು ಹನ್ನೊಂದಕ್ಕೆ ಪಟ್ಟಂ ತಲುಪಿದೆವು. ಸಭಾಂಗಣದಲ್ಲಿ ಸಮಯ ನೋಡುವ ಕೆಲಸಕ್ಕೆ ನಿಂತಿದ್ದವಳು ಆಯೇಷಾ, ಕಾಸರಗೋಡಿನ ಹುಡುಗಿ, ಅಲ್ಲೇ ಕಾಲೇಜಿನಲ್ಲಿ ಓದುವವಳು. ನಮ್ಮ ಮಾತು ಕೇಳಿ ತಾನಾಗಿ ಹತ್ತಿರ ಬಂದಳು.

"ನೀವು ಕನ್ನಡದವರಾ ಅಂಕಲ್? ಒಂದು ತಂಡಕ್ಕೆ ಹದಿನೈದೇ ನಿಮಿಷ ಉಂಟು. ಮತ್ತೆ ಅವರು ಸೌಂಡ್ ಬಂದ್ ಮಾಡ್ತಾರೆ. ನಾನು ಬೋರ್ಡ್ ತೋರಿಸ್ತೇನೆ, ಯಾರೂ ನೋಡುದಿಲ್ಲ."

"ಸೀಟಿ ಊದಬೇಕವ್ವಾ," ಎಂದ ಅಪ್ಪ. ಅವಳು ನಕ್ಕಳು. ನಾನೂ ನಕ್ಕೆ.

ನಮ್ಮ ಸರದಿ ಬಂತು. ನಾನು ವೇದಿಕೆಯ ಬದಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತೆ. ಸುಗುಣನ್ ಚೇಟ್ಟ ಮೈಕ್ ಹಿಡಿದರು. ವೇದಿಕೆಯ ಮೇಲಿದ್ದ ಹನ್ನೆರಡು ಜನರನ್ನು ಹೆಸರು ಹಿಡಿದು ಸ್ವಾಗತಿಸಿದರು. ವೇದಿಕೆಗೆ ಬರಲಾಗದ ಮೂವರಿಗೆ ವಿಷಾದ ಸೂಚಿಸಿದರು. ಆಮೇಲೆ ಕ್ಲಬ್ಬಿನ ಚರಿತ್ರೆ ಹಿಡಿದರು. ನಾನು ಹೇಳಿಟ್ಟಿದ್ದಂತೆ ಆಯೇಷಾ, ಮಾತಿಗೆ ಉಳಿದದ್ದು 'ಒಂದು ನಿಮಿಷ' ಎಂಬ ಬೋರ್ಡು ಎತ್ತಿದಳು. ಅವರು ಅದನ್ನು ನೋಡಿ ಪ್ರೀತಿಯಿಂದ ಕೈಮುಗಿದು, ಒಂದು ಸಾವಿರದ ಒಂಬೈನೂರ ಎಂಬತ್ತೊಂದರ ವಾಲಿಬಾಲ್ ಪಂದ್ಯಾವಳಿಗೆ ಹೋದರು. ನಾನು ಗಡಿಯಾರ ನೋಡಿದೆ. ಮೂರು ನಿಮಿಷ ಐವತ್ತು ಸೆಕೆಂಡು. ಆ ಪಂದ್ಯಾವಳಿ ನಾನು ಮೊದಲೂ ಕೇಳಿದ್ದೇನೆ, ಫೈನಲ್ ಮುಗಿಯಲು ಆರು ನಿಮಿಷ ಬೇಕು. ಲೀಲಾಮಣಿ ಚೇಚಿ ಹೋದಳು, ಶೆಡ್ಡಿನವರು ಹೋದರು, ಅಪ್ಪ ಹೋದ ಎಂದುಕೊಂಡೆ. ಅಳು ಬರುವಷ್ಟು ಸಿಟ್ಟು ಬಂತು.

ಆಗ ಮೂರನೆಯ ಸಾಲಿನಲ್ಲಿ ಅಪ್ಪ ಎದ್ದು ನಿಂತು, ಉದ್ದಕ್ಕೆ ಒಂದು ಸೀಟಿ ಹೊಡೆದ.

ಸುಗುಣನ್ ಚೇಟ್ಟನ ಮಾತು ಅರ್ಧಕ್ಕೇ ನಿಂತಿತು. ಹುಟ್ಟಿದಾಗಿನಿಂದ ಒಂದೇ ಬೆಲ್ಲಿಗೆ ನಿಂತು ಎರಡಕ್ಕೆ ಹೊರಟ ದೇಹ ಅದು, ಕಾರ್ಯದರ್ಶಿಯ ಅಪ್ಪಣೆ ಕೇಳಲಿಲ್ಲ. ಅವರ ಎಡಗೈ ತಾನಾಗಿ ಮೇಲಕ್ಕೆ ಹೋಗಿ, ಅಲ್ಲಿ ಇಲ್ಲದ ಕಂಬಿಯನ್ನು ಹುಡುಕಿತು. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಇಳಿಯಲೆಂಬಂತೆ ಚೀಲ ಹೆಗಲಿಗೇರಿಸಿಕೊಂಡಳು.

ಅಪ್ಪ ನನ್ನ ಕಡೆ ನೋಡಿ ಎರಡು ಸೀಟಿ ಹೊಡೆದ. ನಾನು ಗುಂಡಿ ಒತ್ತಿದೆ.

ದುಬೈ ಕೋಗಿಲೆ ಕೂಗಿತು, ಬೈಕು ಹೋಯಿತು, ಉಪಾಧ್ಯಕ್ಷರು ಕೆಮ್ಮಿದರು. ಕೊನೆಯಲ್ಲಿ ಸಿಗಡಿ ಸಿಪ್ಪೆ ಬೋಗುಣಿಗೆ ಬೀಳುವ ಸಣ್ಣ ಸದ್ದು, ಅದರ ಹಿಂದೆ ಅಸ್ಸಾಮಿನ ಐವರ ಗುನುಗು, ಲೀಲಾಮಣಿ ಚೇಚಿಯ ಕೂಗು. ಆ ಕೂಗಿಗೆ ಜನ ಚಪ್ಪಾಳೆ ಹೊಡೆದರು. ಆಮೇಲೆ ಅಪ್ಪನ ಸೀಟಿ, ಒಂದು, ಎರಡು, ಮತ್ತು ಬಸ್ಸು ಹೊರಟ ಸದ್ದು. ಆಯೇಷಾ ಕೈಯೆತ್ತಿದಾಗ ಇನ್ನೂ ಐದು ಸೆಕೆಂಡು ಉಳಿದಿತ್ತು.

ವಾಪಸಾಗುವಾಗ ರೈಲಿನಲ್ಲಿ ಸುಗುಣನ್ ಚೇಟ್ಟ ನಮ್ಮ ಕಡೆ ಬೆನ್ನು ಮಾಡಿ ಕೂತರು. ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. ಕೊಲ್ಲಂ ದಾಟಿದ ಮೇಲೆ, "ಬೋರ್ಡ್ ಹೋತು ಬಿಡು," ಎಂದ.

ಮರುವಾರ ಸಮಿತಿ ಸೇರಿತು. ಅಲ್ಲಿ ನಡೆದದ್ದನ್ನು ಬಸ್ಸಿನಲ್ಲಿ ಅಶ್ರಫ್ ನನಗೆ ಟಿಕೆಟ್ ಕೊಡುವುದನ್ನೂ ಮರೆತು ಹೇಳಿದ. ಕಾರ್ಯದರ್ಶಿಯ ಭಾಷಣಕ್ಕೆ ಅಡ್ಡಿ ಮಾಡಿದ ರುದ್ರಪ್ಪನ ಮೇಲೆ ಶಿಸ್ತುಕ್ರಮ ಆಗಲೇಬೇಕೆಂದು ಸುಗುಣನ್ ಚೇಟ್ಟ ಮೇಜು ಗುದ್ದಿದರಂತೆ. ಎಲ್ಲರೂ ಒಪ್ಪಿದರಂತೆ. ಆಗ ಅಶ್ರಫ್ ಎದ್ದು, ಬೈಲಾದ ಒಂಬತ್ತನೆಯ ಕಲಂ ಪ್ರಕಾರ ಶಿಸ್ತುಕ್ರಮ ಸದಸ್ಯರ ಮೇಲೆ ಮಾತ್ರ ಸಾಧ್ಯ ಎಂದನಂತೆ. ಒಂದೂವರೆ ಗಂಟೆ ಚರ್ಚೆಯಾಯಿತು. ಕೊನೆಗೆ, ಶಿಸ್ತುಕ್ರಮಕ್ಕೆ ಅನುಕೂಲವಾಗುವಂತೆ ಹತ್ತು ವರ್ಷದ ವಾಸದ ನಿಯಮ ಸಡಿಲಿಸಿ, ರುದ್ರಪ್ಪನನ್ನು ಸರ್ವಾನುಮತದಿಂದ ಸದಸ್ಯನನ್ನಾಗಿ ಮಾಡಿದರು.

ಸದಸ್ಯತ್ವದ ಕಾರ್ಡೂ ಕಾರಣ ಕೇಳಿ ನೋಟಿಸೂ ಒಂದೇ ಲಕೋಟೆಯಲ್ಲಿ ಬಂದವು. ಅಪ್ಪ ನೋಟಿಸನ್ನು ನನ್ನ ಕೈಗೆ ಕೊಟ್ಟು ಕಾರ್ಡನ್ನು ಅಂಗಿ ಜೇಬಿಗಿಟ್ಟ.

ಕ್ಲಬ್ಬಿನ ಕೋಣೆಯಲ್ಲಿ ನಡೆದ ವಿಚಾರಣೆಗೆ ಅಪ್ಪ ಅದೇ ಬಿಳಿ ಅಂಗಿ ಹಾಕಿ ಬಂದ. ಅನುವಾದಕ್ಕೆ ನಾನು. ಸುಗುಣನ್ ಚೇಟ್ಟ ನೋಟಿಸನ್ನು ಗಟ್ಟಿಯಾಗಿ ಓದಿ, ಕನ್ನಡಕದ ಮೇಲಿಂದ ನೋಡಿ ಕೇಳಿದರು, "ಯಾಕೆ ನಿಲ್ಲಿಸಿದಿರಿ?"

ಅಪ್ಪನಿಗೆ ಯೋಚನೆಯೇ ಬೇಕಾಗಲಿಲ್ಲ. "ಸ್ಟಾಪಿನ್ಯಾಗ ಮಂದಿ ನಿಂತಿದ್ರು. ಹತ್ತೋರು ಇದ್ರಂದ್ರ ನಿಲ್ಲಸಬೇಕಲ್ರಿ."

ನಾನು ಮಲಯಾಳಂನಲ್ಲಿ ಹೇಳಿದೆ. ಅಶ್ರಫ್ ತಲೆಯಾಡಿಸಿದ. ಉಪಾಧ್ಯಕ್ಷರು ಕೆಮ್ಮಿದರು.

"ಯಾರು ನಿಂತಿದ್ದರು?" ಎಂದರು ಸುಗುಣನ್ ಚೇಟ್ಟ, ದನಿ ಸ್ವಲ್ಪ ಇಳಿದಿತ್ತು.

"ಪಟ್ಟಿ ನಿಮ್ಮ ಕಡೇನ ಐತೆಲ್ಲ."

ಫೈಲಿನಲ್ಲಿತ್ತು ಪಟ್ಟಿ. ಅಧ್ಯಕ್ಷರೇ ತೆಗೆದು ಮೇಜಿನ ಮೇಲಿಟ್ಟರು. ಒಬ್ಬ ಹೊರಗಿನವನಿಗೆ ಸಡಿಲವಾದ ನಿಯಮ ಉಳಿದವರಿಗೆ ಯಾಕಿಲ್ಲ ಎಂದು ಅಶ್ರಫ್ ಕೇಳಿದ. ಸುಗುಣನ್ ಚೇಟ್ಟ 'ಪರಿಗಣಿಸೋಣ' ಎನ್ನಲು ಬಾಯಿ ತೆರೆದರು. ಅಪ್ಪ ನಿಧಾನವಾಗಿ ಸೀಟಿಯಿದ್ದ ಜೇಬಿಗೆ ಕೈ ಹಾಕಿದ. ಅವರು ಬಾಯಿ ಮುಚ್ಚಿ, ಪೆನ್ನು ತೆಗೆದು, ಆರು ಹೆಸರು ಬರೆದರು, ಲೀಲಾಮಣಿಯದೂ ಸೇರಿ.

"ಮುಗಿಯಿತಲ್ಲ?" ಎಂದರು.

"ಇನ್ನೂ ಒಬ್ಬಾಕಿ ಅದಾಳ," ಎಂದ ಅಪ್ಪ. "ಊರ್ಮಿಳಾ ರುದ್ರಪ್ಪ. ಪಟ್ಟಿಯೊಳಗ ಬರಿಯಾಕ ಮರ್ತೀರಿ. ಬರ್ಕೋರಿ."

ಎಲ್ಲರೂ ಅನುವಾದಕ್ಕೆ ನನ್ನ ಮುಖ ನೋಡಿದರು. ಐದು ವರ್ಷದಿಂದ ಈ ಊರಲ್ಲಿದ್ದೆ, ನನಗೆ ಅದು ಬೇಕಾಗಿತ್ತೆಂದು ನನಗೇ ಗೊತ್ತಿರಲಿಲ್ಲ. ಅಪ್ಪ ಮಾತ್ರ ಅಷ್ಟರಲ್ಲಿ ಬೋರ್ಡಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದ.

"ನೀ ಹೇಳು, ಅವ್ರು ಬರ್ಕೊಳ್ಳಿ," ಎಂದ, ಅಶ್ರಫನ ಕಡೆ ಕೈ ಚಾಚಿ. "ಸ್ಟ್ರೈಕರ್ ಇತ್ತ ಕೊಡೋ ತಮ್ಮಾ."