ಹಿಂಬಾಗಿಲಿನ ಹುಡುಗಿ

ಹೆಡ್‌ಮಾಸ್ಟರ್ ಚಾಚಿದ ಹೂಗುಚ್ಛವನ್ನು ಇಸಿದುಕೊಂಡ ಮಗಳು ಅದನ್ನು ತೀರಿಕೊಂಡ ಅಮ್ಮನ ಪಕ್ಕದಲ್ಲಿಡದೆ, ನೇರವಾಗಿ ಹೋಗಿ ಚಪ್ಪಲಿ ಗೂಡಿನ ಮೇಲೆ ಕುಕ್ಕಿದಳು.

"ಲೇ, ಏನೇ ಇದು, ಬಂದವರ ಮುಂದೆ!" ಚಿಕ್ಕಮ್ಮ ಅವಳ ತೋಳು ಹಿಡಿದು ಪಿಸುಗುಟ್ಟಿದಳು.

"ಅದರ ಜಾಗ ಅಲ್ಲೇ ಚಿಕ್ಕಮ್ಮ. ಅಮ್ಮನ ಮೇಜು ಕುರ್ಚಿನ ಸ್ಕೂಲ್ ವರಾಂಡಕ್ಕೆ ಎತ್ತಿ ಹಾಕಿಸಿದ್ದು ಇದೇ ಮಹಾನುಭಾವ."

"ಸತ್ತ ಮನೇಲಿ ಜಗಳ ತೆಗೀಬೇಡ ಮಾರಾಯ್ತಿ. ವ್ಯಾನ್ ಬರೋ ಹೊತ್ತಾಯ್ತು."

ಹೆಡ್‌ಮಾಸ್ಟರ್ ಮುಂದಿನ ಸಾಲಿನಲ್ಲೇ ಕುರ್ಚಿ ಹಿಡಿದು, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು: "ನಮ್ಮ ಹೈಸ್ಕೂಲಿಗೆ ಒಬ್ರು ಕೌನ್ಸೆಲರ್ ಬೇಕು ಅಂತ ಮೊದಲು ಹೇಳಿದ್ದೇ ನಾನು. ಮಕ್ಕಳ ಮನಸ್ಸು ನೋಡಿ, ಬಹಳ ಸೂಕ್ಷ್ಮ." ಪಕ್ಕದಲ್ಲಿ ಒಂಬತ್ತನೆಯ ತರಗತಿಯ ಅವರ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. "ಇವಳಿಗೆ ಈಯಮ್ಮನ ಪರಿಚಯಾನೇ ಇಲ್ಲ. ನಮ್ಮನೆ ಮಕ್ಕಳಿಗೆ ಇಂಥದ್ದೆಲ್ಲ ಬೇಕಾಗಲ್ಲ ಬಿಡಿ. ಆದ್ರೂ ಬಂದೇ ಬರ್ತೀನಿ ಅಂತ ಹಟ ಹಿಡಿದ್ಲು."



*

ಶಾಲೆಯ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಅಮ್ಮ ಯಾವ ಮಗುವನ್ನೂ ಏನಾಯಿತೆಂದು ಕೇಳಿದವಳಲ್ಲ. ಸಿಕ್ಕಾದ ಉಲ್ಲನ್ ದಾರವನ್ನು ಕೈಗಿತ್ತು, "ಸ್ವಲ್ಪ ಬಿಡಿಸಿಕೊಡು ಮರಿ" ಎನ್ನುತ್ತಿದ್ದಳು. ಅರ್ಧ ಬಿಡಿಸುವಷ್ಟರಲ್ಲಿ ಮಾತು ತಾನಾಗಿ ಬರುತ್ತಿತ್ತು. ಸಂಜೆ ಮನೆಗೆ ಬಂದು, ಸಾರು ಕುದಿಯುವಷ್ಟರಲ್ಲಿ, ಮಾರನೆಯ ದಿನಕ್ಕೆ ಅವಳೇ ಆ ದಾರವನ್ನು ಮತ್ತೆ ಸಿಕ್ಕು ಮಾಡಿಡುತ್ತಿದ್ದಳು.

"ಪಾಠ ತಪ್ಪಿಸಿಕೊಂಡು ದಾರ ಸುತ್ತೋಕೆ ಇದೇನು ಹೊಲಿಗೆ ಅಂಗಡಿನಾ?" ಎಂದ ಹೆಡ್‌ಮಾಸ್ಟರ್ ಅವಳನ್ನು ಕೆಲಸದಿಂದ ತೆಗೆದರು. ಆ ಕೋಣೆಯಲ್ಲಿ ಶಾಲೆ ಗೆದ್ದ ಶೀಲ್ಡುಗಳನ್ನು ತುಂಬಿಸಿದರು. ಮಕ್ಕಳು ಅಮ್ಮನ ಮನೆಯ ಹಿಂಬಾಗಿಲಿಗೆ ಬರತೊಡಗಿದರು. ಎಲ್ಲರಿಗಿಂತ ಹೆಚ್ಚು ಬಂದವಳು ಹೆಡ್‌ಮಾಸ್ಟರ ಹುಡುಗಿಯೇ.

"ಮಾರ್ಕ್ಸ್ ಬಿಟ್ಟು ಅಪ್ಪ ನನ್ನ ಹತ್ರ ಬೇರೆ ಮಾತೇ ಆಡಲ್ಲ ಮಿಸ್," ಎಂದು ಅಡುಗೆಮನೆಯಲ್ಲಿ ದಾರ ಬಿಡಿಸುತ್ತಾ ಬಿಕ್ಕುತ್ತಿದ್ದಳು.

"ಅವನಿಗೆ ಹೇಳಿಬಿಡ್ಲಾ ಅಮ್ಮಾ? ನಾಲ್ಕು ಜನರ ಮುಂದೆ ಅವನ ಮುಖ ನೋಡ್ಬೇಕು ನಂಗೆ," ಎಂದಿದ್ದಳು ಮಗಳು.

"ಸೇಡು ನಿಂದು, ಏಟು ಆ ಗುಬ್ಬಿಗೆ. ನಿನ್ನ ಬಾಯಿಂದ ಒಂದು ಮಾತು ಹೊರಗೆ ಬೀಳಕೂಡದು."

*

ಬಾಯಿಂದ ಬೀಳಿಸಿದರೆ ತಾನೇ ಮಾತು ಮುರಿದಂತೆ, ಎಂದುಕೊಂಡಳು ಮಗಳು.

"ಸ್ವಲ್ಪ ನೀರು ಸಿಗುತ್ತಾ?" ಹೆಡ್‌ಮಾಸ್ಟರ್ ಗಂಟಲು ಸರಿಮಾಡಿಕೊಂಡರು. "ಎರಡು ಮಾತಾಡೋಣ ಅಂತ."

ಮಗಳು ಹುಡುಗಿಯ ಕಡೆ ತಿರುಗಿದಳು. "ಪುಟ್ಟಾ, ಅಡುಗೆಮನೆಯಿಂದ ನಿಮ್ಮಪ್ಪಂಗೆ ನೀರು ತಂದುಕೊಡ್ತೀಯಾ?"

ಹುಡುಗಿ ತಲೆಯೆತ್ತಿದಳು. ಮುಖ ಬಿಳಿಚಿಕೊಂಡಿತ್ತು. ಅಡುಗೆಮನೆ ಎಲ್ಲಿದೆ ಎಂದು ಕೇಳಿದ್ದರೆ ಪಾರಾಗುತ್ತಿದ್ದಳು, ಕೇಳಲಿಲ್ಲ. ಆ ಕಣ್ಣು ಕಂಡದ್ದೇ ಮಗಳು ಅವಳ ಭುಜದ ಮೇಲೆ ಕೈಯಿಟ್ಟಳು.

"ಬೇಡ, ಕೂತ್ಕೋ. ನಾನೇ ತರ್ತೀನಿ."

"ಇರ್ಲಿ ಅಕ್ಕಾ," ಎಂದು ಹುಡುಗಿ ಎದ್ದಳು.

"ಅವಳಿಗೇನು ಗೊತ್ತಾಗುತ್ತೆ, ಹೊಸಾ ಮನೇಲಿ..." ಹೆಡ್‌ಮಾಸ್ಟರ್ ಅವಳು ಹೋದ ಕಡೆ ತಿರುಗಿದರು.

ಹುಡುಗಿ ಮೊದಲ ಬಾಗಿಲನ್ನು ದಾಟಿ ಎರಡನೆಯದರೊಳಗೆ ಹೋದಳು. ಫ್ರಿಜ್ಜಿನ ಹಿಂದೆ ಕೈ ತೂರಿಸಿ ದೀಪ ಹಾಕಿದಳು. ಹೊಸಬರಿಗೆ ಆ ಸ್ವಿಚ್ಚು ಸಿಗುವುದೇ ಇಲ್ಲ. ಡಬ್ಬಗಳ ಹಿಂದಿನಿಂದ ಬಂದಾಗಲೆಲ್ಲ ತಾನು ಕುಡಿಯುತ್ತಿದ್ದ, ಹಿಡಿ ಮುರಿದ ಹಳದಿ ಕಪ್ಪನ್ನು ತೆಗೆದು, ನೀರು ತುಂಬಿಕೊಂಡು ಬಂದು, ಅಪ್ಪನ ಎದುರು ನಿಂತಳು. ಕೂತವರೆಲ್ಲ ತಿರುಗಿ ನೋಡುತ್ತಿದ್ದರು.

ಹೆಡ್‌ಮಾಸ್ಟರ್ ಕೈ ಚಾಚಿದರು.

ಹುಡುಗಿ ಕಪ್ಪನ್ನು ತನ್ನ ತುಟಿಗೆ ಎತ್ತಿದಳು. ಅಪ್ಪನ ಮುಖದಿಂದ ಕಣ್ಣು ಕೀಳದೆ, ಗುಟುಕು ಗುಟುಕಾಗಿ, ತಳ ಕಾಣುವವರೆಗೂ ತಾನೇ ಕುಡಿದಳು. ಚಾಚಿದ ಕೈ ಚಾಚಿದಂತೆಯೇ ಇತ್ತು.